ಎಂಟು ಅಂತ ತೋರಿಸಿದ್ರೂ ಕಾವಲಿ ನಾಲ್ಕೇ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ, ಬಾಳ ಖುಷಿ ಆತು. ಕಾಲೇಜು ಹುಡುಗ್ರು ಅದೀರಿ, ಸ್ಟುಡಿಯೋದೋರು, ಡಿಟಿಪಿ ಮಾಡೋರು ಕೂಡ ಕಾಣ್ತಿದೀರಿ, ಅದಕ್ಕೆ ಥಿಯರಿ ಬಿಟ್ಟು ನಡೆದಿದ್ದನ್ನೇ ಹೇಳ್ತೀನಿ. ಒಂದು ಪ್ರೋಗ್ರಾಂನ ಇಂಥ ಸಿಪಿಯು ಮೇಲೇ ಓಡು ಅಂತ ಕಟ್ಟಿಹಾಕೋದು ಹೆಂಗೆ ಅನ್ನೋದೇ ಇವತ್ತಿನ ಮಾತು.

ಪಿ.ಜೆ. ಬಡಾವಣೆ ಕಡೆ ನಮ್ಮ ಸೋದರಮಾವನ ಮಗ ಒಂದು ಫೋಟೋ ಸ್ಟುಡಿಯೋ ಇಟ್ಕೊಂಡಿದಾನೆ. ಇರೋದು ಒಂದೇ ಮಷಿನ್, ಇಂಟೆಲ್ ಐ7 4770, ನಾನೇ ಲಿನಕ್ಸ್ ಹಾಕಿಕೊಟ್ಟಿದ್ದೆ. ಮದುವೆ ಸೀಸನ್‌ನಲ್ಲಿ ಎಫ್‌ಎಫ್‌ಎಂಪೆಗ್‌ನಲ್ಲಿ ವಿಡಿಯೋ ಕನ್ವರ್ಟ್‌ಗೆ ಹಾಕಿರ್ತಾನೆ, ಅದೇ ಟೈಮಿಗೆ ಯಾರೋ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕು ಅಂತ ಬರ್ತಾರೆ, ಮೌಸ್ ಎಳೆದ್ರೆ ಬರಲ್ಲ, ಕ್ರಾಪ್ ಮಾಡೋಕೆ ಹೋದ್ರೆ ಸ್ಕ್ರೀನ್ ಹಂಗೇ ನಿಂತುಬಿಡುತ್ತೆ, ಕೌಂಟರ್ ಹತ್ರ ನಿಂತೋರು ಎಷ್ಟೊತ್ರೀ ಅಂತಾರೆ. ಅಂಗಡಿಯೋರೊಬ್ರು ಹೊಸ ಮಷಿನ್ನೇ ತಗೋಬೇಕು ಅಂದ್ರಂತೆ. ಅವನು ದುಡ್ಡು ಹೊಂದಿಸೋಕೆ ಶುರು ಮಾಡಿದ್ದ. ನಾನು ತಡಿಯಪ್ಪಾ ಅಂದೆ.

ಮೊದಲು ವಿಡಿಯೋ ಕೆಲಸಕ್ಕೆ ನೈಸ್ 19 ಹಾಕಿದೆ, ಅಂದ್ರೆ ಬೇರೆ ಕೆಲಸ ಬಂದ್ರೆ ನೀನು ಹಿಂದೆ ಸರಿ ಅಂತ ಹೇಳೋದು. ಬಾಳ ಕಡೆ ಅಷ್ಟೇ ಸಾಕಾಗುತ್ತೆ, ನೀವೂ ಮೊದಲು ಅದನ್ನೇ ಮಾಡಿ ನೋಡ್ರಿ. ಅವನ ಹತ್ರ ಅರ್ಧ ಸರಿಹೋಯ್ತು. ಆಮೇಲೆ ಟಾಸ್ಕ್‌ಸೆಟ್ ತೆಗೆದೆ, ಪ್ರೋಗ್ರಾಂ ಯಾವ್ಯಾವ ಸಿಪಿಯು ಮೇಲೆ ಓಡಬೇಕು ಅಂತ ಹೇಳೋ ಕಮಾಂಡ್. ಇದು ಯುಟಿಲ್-ಲಿನಕ್ಸ್ ಪ್ಯಾಕೇಜ್ ಜೊತೆಗೇ ಬರುತ್ತೆ, ಬೇರೆ ಹಾಕೋದು ಬೇಕಾಗಲ್ಲ. ಹಿಂದೆ ಕೆಲಸ ಮಾಡೋದು ಒಂದು ಸಿಸ್ಟಮ್ ಕಾಲ್, ಅಂದ್ರೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಮಾಡೋ ಕೋರಿಕೆ, ಅದರ ಹೆಸರು ಶೆಡ್ ಸೆಟ್‌ಅಫಿನಿಟಿ, 2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್ ಕಾಲದಿಂದ ಎಲ್ಲರ ಮಷಿನ್‌ನಲ್ಲೂ ಐತೆ. ಬರೆಯೋದು ಇಷ್ಟೇ, ಸ್ಕ್ರೀನ್ ನೋಡ್ರಿ: ಟಾಸ್ಕ್‌ಸೆಟ್, ಸ್ಪೇಸ್, ಹೈಫನ್ ಸಿ, ಸ್ಪೇಸ್, 0-3, ಆಮೇಲೆ ನೀವು ಯಾವಾಗ್ಲೂ ಬರೆಯೋ ಎಫ್‌ಎಫ್‌ಎಂಪೆಗ್ ಕಮಾಂಡ್ ಹಂಗೇ. ಮಷಿನ್ 8 ಸಿಪಿಯು ತೋರಿಸ್ತಿತ್ತು, 0ಯಿಂದ 3 ವಿಡಿಯೋಗೆ ಕೊಟ್ಟೆ, ಉಳಿದ 4 ಫೋಟೋ ಕೆಲಸಕ್ಕೆ ಅಂದ್ಕೊಂಡೆ. ಅಷ್ಟು ಮಾಡಿದ್ರೂ ಕ್ರಾಪ್ ಮಾಡುವಾಗ ಎಳೆದಾಟ ಹೋಗ್ಲೇ ಇಲ್ಲ.

ಯಾಕೆ ಅಂತ ಎಲ್‌ಎಸ್‌ಸಿಪಿಯು ಹೈಫನ್ ಇ, ಅಂದ್ರೆ ಸಿಪಿಯುಗಳ ಪಟ್ಟಿ ತೋರಿಸೋ ಕಮಾಂಡ್ ಹೊಡೆದಾಗ ಗೊತ್ತಾಯ್ತು. ಸಿಪಿಯು ಅನ್ನೋ ಕಾಲಮ್‌ನಲ್ಲಿ 0ಯಿಂದ 7 ಐತೆ, ಪಕ್ಕದ ಕೋರ್ ಕಾಲಮ್‌ನಲ್ಲಿ 0, 1, 2, 3, ಮತ್ತೆ 0, 1, 2, 3. ಕೋರ್ ಅನ್ನೋದು ಚಿಪ್ ಒಳಗೆ ನಿಜವಾಗಿ ಲೆಕ್ಕ ಮಾಡೋ ಭಾಗ, ಹಂಗಾದ್ರೆ ಸಿಪಿಯು 0 ಮತ್ತೆ 4 ಎರಡೂ ಒಂದೇ ಕೋರ್. 1 ಮತ್ತೆ 5 ಒಂದು, 2-6 ಒಂದು, 3-7 ಒಂದು. ಹೈಪರ್‌ಥ್ರೆಡಿಂಗ್ ಅಂತಾರಲ್ಲ, ಅದೇ ಇದು.

ನಮ್ಮೂರ ಬೆಣ್ಣೆದೋಸೆ ಹೋಟೆಲ್ ಅಡುಗೆಮನೆ ನೆನಪು ಮಾಡ್ಕೊಳ್ರಿ. ನಾಲ್ಕು ಕಾವಲಿ ಅದಾವೆ, ಒಂದೊಂದು ಕಾವಲಿಗೆ ಇಬ್ಬಿಬ್ರು ಭಟ್ರು ನಿಂತಿದಾರೆ. ಒಬ್ರ ದೋಸೆ ಬೇಯೋ ಹೊತ್ತಿಗೆ ಇನ್ನೊಬ್ರು ಖಾಲಿ ಜಾಗದಲ್ಲಿ ಹಿಟ್ಟು ಹುಯ್ತಾರೆ, ಅದರಿಂದ ಒಂದಿಷ್ಟು ದೋಸೆ ಜಾಸ್ತಿ ಬರ್ತಾವೆ ನಿಜ, ಆದ್ರೆ ಕಾವಲಿ ಡಬಲ್ ಆಗಲ್ಲ. ನಾನು 0-3 ಕೊಟ್ಟಾಗ ಏನಾಗಿತ್ತು ಅಂದ್ರೆ ನಾಲ್ಕೂ ಕಾವಲಿ ಮೇಲೆ ವಿಡಿಯೋದ ಭಟ್ರು ನಿಂತುಬಿಟ್ಟಿದ್ರು, ಫೋಟೋ ಕೆಲಸ ಎಲ್ಲಿಗೆ ಹೋದ್ರೂ ಅವರ ಜೊತೆ ಜಾಗ ಹಂಚ್ಕೋಬೇಕು.

ಆಮೇಲೆ ಹೈಫನ್ ಸಿ 1-3,5-7 ಅಂತ ಬದಲಾಯಿಸಿದೆ. ಈಗ 0 ಮತ್ತೆ 4, ಅಂದ್ರೆ ಒಂದು ಪೂರ್ತಿ ಕಾವಲಿ, ಫೋಟೋಗೆ ಉಳೀತು. ಮೌಸ್ ಸಲೀಸಾಗಿ ಓಡ್ತು. ವಿಡಿಯೋ ಮುಗಿಯೋಕೆ ಟೈಮ್ ಮೊದಲಿಗಿಂತ ಜಾಸ್ತಿ ಹಿಡಿಯುತ್ತೆ, ಅದನ್ನ ಮುಚ್ಚಿಡಲ್ಲ, ನಾಲ್ಕರಲ್ಲಿ ಒಂದು ಕೋರ್ ಕಿತ್ಕೊಂಡ್ರೆ ಹಿಡೀಲೇಬೇಕು. ಆದ್ರೆ ವಿಡಿಯೋ ರಾತ್ರಿಯೆಲ್ಲಾ ಓಡಬಹುದು, ಕೌಂಟರ್ ಹತ್ರ ನಿಂತೋರು ರಾತ್ರಿಯೆಲ್ಲಾ ನಿಲ್ತಾರೇನ್ರಿ.

ಒಂದು ಎಚ್ಚರಿಕೆ. ಈ ಜೋಡಿ ನಂಬರ್ ಎಲ್ಲಾ ಮಷಿನ್‌ನಲ್ಲೂ ಒಂದೇ ತರ ಇರಲ್ಲ. ಕೆಲವು ಕಡೆ 0-1 ಜೋಡಿ, 2-3 ಜೋಡಿ. 2021ರ ಕೊನೆಗೆ ಬಂದ ಇಂಟೆಲ್ 12ನೇ ಜನರೇಷನ್‌ನಿಂದ ದೊಡ್ಡ ಕೋರ್, ಚಿಕ್ಕ ಕೋರ್ ಅಂತ ಬೇರೆ ಬಂದಾವೆ. ಐ7 12700 ತಗೊಂಡ್ರೆ ದೊಡ್ಡವು 8, ಚಿಕ್ಕವು 4, ದೊಡ್ಡವಕ್ಕೆ ಮಾತ್ರ ಜೋಡಿ ಇರೋದು, ಅದಕ್ಕೆ ಒಟ್ಟು 20 ಸಿಪಿಯು ತೋರಿಸುತ್ತೆ. ಬೇರೆಯೋರ ಮಷಿನ್‌ನಲ್ಲಿ ನಡೆದ ಕಮಾಂಡ್ ಕಾಪಿ ಮಾಡಿ ಹಾಕೋದು ಬ್ಯಾಡ್ರಿ, ನಿಮ್ಮ ಮಷಿನ್ ನೀವೇ ನೋಡ್ಕೊಳ್ರಿ.

ಇನ್ನೊಂದು ಕಡೆ ಹುಡುಗ್ರು ಬಾಳ ಎಡವ್ತಾರೆ. ಹೈಫನ್ ಸಿ ಮರೆತು ಬರೀ ಟಾಸ್ಕ್‌ಸೆಟ್ 3 ಅಂತ ಬರೆದ್ರೆ ಅದು 3ನೇ ಸಿಪಿಯು ಅಲ್ಲ. ಅದು ಮಾಸ್ಕ್. 0ನೇದಕ್ಕೆ 1, 1ನೇದಕ್ಕೆ 2, 2ನೇದಕ್ಕೆ 4, 3ನೇದಕ್ಕೆ 8, ಹಿಂಗೆ ಬೆಲೆ, ಬೇಕಾದವನ್ನ ಕೂಡಿಸಬೇಕು. 3 ಅಂದ್ರೆ 1 ಕೂಡಿಸು 2, ಅಂದ್ರೆ ಸಿಪಿಯು 0 ಮತ್ತೆ 1. ಮತ್ತೆ ಆ ಮಾಸ್ಕ್ ಹೆಕ್ಸಾಡೆಸಿಮಲ್, ಅಂದ್ರೆ ಹತ್ತರ ಬದಲು ಹದಿನಾರರ ಲೆಕ್ಕ, ಬರೀ 10 ಅಂತ ಕೊಟ್ರೆ ಅದು 16, ಸಿಪಿಯು 4ಕ್ಕೆ ಹೋಗಿ ಕೂರುತ್ತೆ. ಎರರ್ ಏನೂ ಬರಲ್ಲ, ಪ್ರೋಗ್ರಾಂ ಓಡ್ತಾನೇ ಇರುತ್ತೆ, ನೀವು ಅಂದ್ಕೊಂಡಿರೋ ಕಡೆ ಅಲ್ಲ ಅಷ್ಟೇ. ವಿಂಡೋಸ್‌ನೋರಿಗೆ ಈ ಲೆಕ್ಕ ಬೇಕೇ ಬೇಕು, ಅಲ್ಲಿ ಸ್ಟಾರ್ಟ್ ಸ್ಲ್ಯಾಶ್ ಅಫಿನಿಟಿ ಅಂತ ಬರೆದು ಮುಂದೆ ಕೊಡೋದು ಹೆಕ್ಸಾ ಮಾಸ್ಕೇ. ಎಫ್ ಅಂತ ಕೊಟ್ರೆ 15, ಅಂದ್ರೆ ಮೊದಲ ನಾಲ್ಕು.

ಆಗಲೇ ಓಡ್ತಿರೋ ಪ್ರೋಗ್ರಾಂಗೂ ಮಾಡಬಹುದು, ಹೈಫನ್ ಸಿಪಿ, ಸಿಪಿಯು ಪಟ್ಟಿ, ಆಮೇಲೆ ಪ್ರೋಸೆಸ್ ಐಡಿ. ಆದ್ರೆ ಹಂಗೆ ಮಾಡಿದ್ರೆ ಆ ಒಂದು ಥ್ರೆಡ್‌ಗೆ, ಅಂದ್ರೆ ಪ್ರೋಗ್ರಾಂ ಒಳಗೆ ಬೇರೆಬೇರೆಯಾಗಿ ಓಡೋ ಕೆಲಸಗಳಲ್ಲಿ ಒಂದಕ್ಕೆ ಮಾತ್ರ ತಾಗುತ್ತೆ, ಆಗಲೇ ಹುಟ್ಟಿರೋ ಉಳಿದ ಥ್ರೆಡ್‌ಗಳು ಎಲ್ಲೆಲ್ಲೋ ಓಡಾಡ್ಕೊಂಡಿರ್ತಾವೆ, ಎಲ್ಲಕ್ಕೂ ಬೇಕಂದ್ರೆ ಎ ಸೇರಿಸಿ ಹೈಫನ್ ಎಸಿಪಿ ಅನ್ನಬೇಕು. ಶುರುವಿನಲ್ಲೇ ಟಾಸ್ಕ್‌ಸೆಟ್‌ನಿಂದ ಓಡಿಸಿದ್ರೆ ಈ ತಾಪತ್ರಯ ಇಲ್ಲ, ಅದರಿಂದ ಹುಟ್ಟಿದ ಎಲ್ಲಕ್ಕೂ ಅದೇ ಪಟ್ಟಿ ಬರುತ್ತೆ.

ಪಟ್ಟಿ ಕೊಟ್ಟಮೇಲೆ ಪ್ರೋಗ್ರಾಂ ಎಷ್ಟು ಥ್ರೆಡ್ ಹುಟ್ಟಿಸುತ್ತೆ ಅನ್ನೋದು ಬೇರೆ ಮಾತು. ಟಾಸ್ಕ್‌ಸೆಟ್ ಹೈಫನ್ ಸಿ 0,1 ಎನ್‌ಪ್ರಾಕ್ (ಎಷ್ಟು ಸಿಪಿಯು ಸಿಗುತ್ತೆ ಅಂತ ಹೇಳೋ ಕಮಾಂಡ್) ಅಂತ ಹೊಡೆದ್ರೆ 2 ಅನ್ನುತ್ತೆ, ಅದಕ್ಕೆ ಗೊತ್ತಾಗುತ್ತೆ. ಎಫ್‌ಎಫ್‌ಎಂಪೆಗ್‌ಗೂ ಗೊತ್ತಾಗುತ್ತೆ. ಆದ್ರೆ ಪೈಥಾನ್‌ನಲ್ಲಿ ಓಎಸ್ ಡಾಟ್ ಸಿಪಿಯು ಕೌಂಟ್ ಕೇಳಿದ್ರೆ ಮಷಿನ್‌ನಲ್ಲಿರೋ 8ನ್ನೂ ಹೇಳುತ್ತೆ, ಅದನ್ನ ನಂಬ್ಕೊಂಡು 8 ಕೆಲಸಗಾರರನ್ನ ಎಬ್ಬಿಸಿದ್ರೆ ಎಂಟೂ ಜನ ಎರಡು ಸಿಪಿಯು ಮೇಲೆ ಕಿತ್ತಾಡ್ತಾರೆ. ಇದಕ್ಕೇ 3.13ರಲ್ಲಿ ಪ್ರೋಸೆಸ್ ಸಿಪಿಯು ಕೌಂಟ್ ಅಂತ ಬೇರೆ ಕೊಟ್ಟಿದಾರೆ, ಪ್ರಾಜೆಕ್ಟ್ ಮಾಡೋ ಹುಡುಗ್ರು ಅದನ್ನ ಬಳಸ್ರಿ. ಪ್ರೋಗ್ರಾಂನ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸೋ ಡಾಕರ್‌ನಲ್ಲೂ ಹಿಂಗೇ ಎರಡು ಆಪ್ಷನ್ ಕಲಸಿಕೊಳ್ತಾರೆ. ಸಿಪಿಯೂಸ್ 2 ಅಂದ್ರೆ ಎರಡು ಸಿಪಿಯು ಅಷ್ಟು ಟೈಮ್, ಎಲ್ಲಿ ಬೇಕಾದ್ರೂ ಓಡಬಹುದು. ಸಿಪಿಯುಸೆಟ್ ಸಿಪಿಯೂಸ್ 0,4 ಅಂದ್ರೆ ಮಾತ್ರ ಇಂಥದ್ದೇ ಸಿಪಿಯು.

ಎರಡು ಸಾಕೆಟ್, ಅಂದ್ರೆ ಎರಡು ಪ್ರೊಸೆಸರ್ ಚಿಪ್ ಕೂರಿಸೋ ಸರ್ವರ್ ಇದ್ದೋರಿಗೆ ನ್ಯೂಮಾಸಿಟಿಎಲ್ ಅಂತ ಐತೆ. ಒಂದು ಸಾಕೆಟ್‌ನ ಕೋರ್ ಇನ್ನೊಂದು ಸಾಕೆಟ್ ಕಡೆಯ ಮೆಮೊರಿ ಮುಟ್ಟಿದ್ರೆ ತಡ ಆಗುತ್ತೆ, ಅದಕ್ಕೆ ಇದರಲ್ಲಿ ಕೋರ್ ಜೊತೆಗೆ ಮೆಮೊರಿನೂ ಹೇಳಬಹುದು.

ಕೊನೆಗೆ, ಸ್ಟುಡಿಯೋದೋರು ಕೇಳ್ರಿ. ಟಾಸ್ಕ್‌ಸೆಟ್ ವಿಡಿಯೋನ ಒಳಗೆ ಕಟ್ಟಿಹಾಕುತ್ತೆ, ಬೇರೆಯೋರು ಅದರ ಸಿಪಿಯುಗೆ ಬರೋದನ್ನ ತಡೆಯಲ್ಲ. ಯಾರೂ ಬರಬಾರದು ಅಂದ್ರೆ ಬೂಟ್ ಟೈಮಲ್ಲಿ ಐಸೋಲ್‌ಸಿಪಿಯೂಸ್ ಅಂತ ಕರ್ನಲ್‌ಗೆ ಹೇಳಬೇಕು, ಇಲ್ಲಾ ಕರ್ನಲ್‌ನ ಸಿಪಿಯುಸೆಟ್‌ನಿಂದ ಸಿಪಿಯು ಗುಂಪು ಮಾಡಬೇಕು, ಅಂಗಡಿ ಕೆಲಸಕ್ಕೆ ಅದೆಲ್ಲಾ ಬೇಕಾಗಲ್ಲ ಅಂತ ನನ್ನ ಅಭಿಪ್ರಾಯ.

ಸರಿ, ಲ್ಯಾಪ್‌ಟಾಪ್ ತಂದೋರು ತೆಗೀರಿ. ಎಲ್‌ಎಸ್‌ಸಿಪಿಯು ಹೈಫನ್ ಇ ಹೊಡೀರಿ, ಕೋರ್ ಕಾಲಮ್‌ನಲ್ಲಿ ಒಂದೇ ನಂಬರ್ ಎಲ್ಲೆಲ್ಲಿ ಎರಡು ಸಲ ಬಂದೈತೆ ಅಂತ ಚೀಟಿ ಮೇಲೆ ಬರ್ಕೊಳ್ರಿ. ಇನ್ನೊಂದು ವಿಂಡೋದಲ್ಲಿ ಓಡ್ತಿರೋ ಕೆಲಸಗಳನ್ನ ತೋರಿಸೋ ಟಾಪ್ ಕಮಾಂಡ್ ಓಡಿಸಿ 1 ಒತ್ತಿ, ಸಿಪಿಯು ಎಲ್ಲಾ ಬೇರೆ ಬೇರೆ ಕಾಣ್ತಾವೆ. ನಾನು ಒಬ್ಬೊಬ್ರ ಹತ್ರಾನೂ ಬರ್ತೀನಿ, ಚೀಟಿ ನೋಡಿ ಯಾವ ಜೋಡಿ ಬಿಡೋದು ಅಂತ ಕೂತು ನೋಡೋಣ.