ತಿಂದದ್ದು ಮಗುವಿನ ಮೈಗೆ ಹತ್ತಬೇಕಲ್ಲ?

ನಮಸ್ಕಾರ. ಹಿಂದಿನ ಸಂಚಿಕೆಯ ಕೆಳಗೆ ವೀಕ್ಷಕರೊಬ್ಬರು, "ನಾವೆಲ್ಲ ಮಣ್ಣು ತಿಂದೇ ಬೆಳೆದವರು, ನಮಗೇನಾಗಿದೆ?" ಎಂದು ಬರೆದಿದ್ದಾರೆ. ತಮಗೇನೂ ಆಗಿಲ್ಲದಿರಬಹುದು ಸ್ವಾಮಿ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಊಟದ ಕೊರತೆಯ ಜೊತೆಗೆ ಹೊಟ್ಟೆ ಸೇರುವ ಕೊಳಕೂ ಇದಕ್ಕೊಂದು ಕಾರಣ.

ಮಗು ಎಷ್ಟು ತಿಂದಿತು ಎಂದು ಎಲ್ಲರೂ ಕೇಳುತ್ತಾರೆ. ತಿಂದದ್ದು ಮೈಗೆ ಹತ್ತಿತೇ ಎಂದು ಕೇಳುವವರಿಲ್ಲ. ಬೆಳಿಗ್ಗೆ ಕಾಯಿಸಿದ ರಾಗಿ ಸರಿಯನ್ನು ತಟ್ಟೆ ಮುಚ್ಚಿಟ್ಟು, ಮಧ್ಯಾಹ್ನ ಅದಕ್ಕೇ ಒಂದಿಷ್ಟು ಬಿಸಿನೀರು ಬೆರೆಸಿ ಕೂಸಿಗೆ ತಿನ್ನಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಅಷ್ಟು ಹೊತ್ತಿನಲ್ಲಿ ಆ ಸರಿಯೊಳಗೆ ರೋಗಾಣುಗಳು ಬೆಳೆದಿರುತ್ತವೆ. ಇಂಥ ರೋಗಾಣುಗಳು ದಿನವೂ ಹೊಟ್ಟೆ ಸೇರಿದರೆ, ಭೇದಿಯಾಗದಿದ್ದರೂ ಸಣ್ಣ ಕರುಳಿನಲ್ಲಿ ಸತ್ವ ಹೀರುವ ಸೂಕ್ಷ್ಮ ಎಳೆಗಳು ಮೊಂಡಾಗುತ್ತವೆ, ಕರುಳಿನ ಗೋಡೆ ಸಡಿಲವಾಗುತ್ತದೆ, ಒಳಗೆ ಉರಿಯೂತ ನಿಲ್ಲದೆ ಉಳಿಯುತ್ತದೆ. ಎಲುಬು ಬೆಳೆಸಬೇಕಾದ ಸತ್ವ ಆ ಹೋರಾಟಕ್ಕೇ ಖರ್ಚಾಗಿಬಿಡುತ್ತದೆ. ಇದು ಹೊರಗೆ ಕಾಣುವ ಕಾಯಿಲೆಯಲ್ಲ. ಆದ್ದರಿಂದಲೇ ಅಪಾಯ ಹೆಚ್ಚು.

ಓದಿಕೊಂಡವರ ವಾದ ಬೇರೆ. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಶೌಚಾಲಯ, ಸಾಬೂನು, ಶುದ್ಧ ನೀರಿನ ವ್ಯವಸ್ಥೆ ಮಾಡಿದರೂ ಮಕ್ಕಳ ಎತ್ತರ ಹೆಚ್ಚಲಿಲ್ಲವಲ್ಲ ಎನ್ನುತ್ತಾರೆ. ಹೌದು, ಹೆಚ್ಚಲಿಲ್ಲ. ಅಷ್ಟಕ್ಕೇ ಕೊಳಕಿನಿಂದ ಕೆಡುಕಿಲ್ಲ ಎಂದಾಯಿತೇ? ಕೋಳಿ ಹಿಕ್ಕೆ ಮೆತ್ತಿದ ಕೈಯನ್ನು ಅಂಬೆಗಾಲಿಡುವ ಮಗು ಬಾಯಿಗಿಡುತ್ತಿರುವಾಗ ಹಿತ್ತಲಲ್ಲೊಂದು ಶೌಚಾಲಯ ಕಟ್ಟಿದರೆ ಸಾಲದು ಎಂದಾಯಿತು, ಅಷ್ಟೆ! ಮತ್ತೆ ಹೇಳುತ್ತೇನೆ, ತಿಂದದ್ದು ಮೈಗೆ ಹತ್ತಬೇಕು!

ಕಡಲೆಕಾಯಿಯ ಮಾತನ್ನೂ ಆಡಲೇಬೇಕು. ಮಳೆಗೆ ಸಿಕ್ಕಿ, ಸರಿಯಾಗಿ ಒಣಗದೆ ಮೂಟೆ ಸೇರಿದ ಕಾಯಿಗೆ ಬೂಷ್ಟು ಹಿಡಿದು ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಪಶ್ಚಿಮ ಆಫ್ರಿಕದ ಬೆನಿನ್‌ನಲ್ಲಿ, ರಕ್ತದಲ್ಲಿ ಈ ವಿಷದ ಕುರುಹು ಹೆಚ್ಚಿದ್ದ ಮಕ್ಕಳು ಎತ್ತರದಲ್ಲಿ ಹಿಂದೆ ಬಿದ್ದದ್ದು ಕಂಡುಬಂದಿದೆ. ಚಳ್ಳಕೆರೆ, ಪಾವಗಡದ ಕಡೆ ಕಡಲೆಕಾಯಿ ಬೆಳೆಯುವ ನಮಗೆ ಇದು ದೂರದ ಸುದ್ದಿಯಲ್ಲ. ಒಳ್ಳೆಯ ಕಾಯಿ ಮಾರಿ, ಬೂಷ್ಟು ಹಿಡಿದಿರಬಹುದಾದ ಸುಕ್ಕುಗಟ್ಟಿದ ಜಳ್ಳು ಬೀಜವನ್ನು ಮನೆಗೆಂದು ಉಳಿಸಿಕೊಂಡು ಮಕ್ಕಳಿಗೆ ಉಂಡೆ ಕಟ್ಟಬೇಡಿ, ದಯವಿಟ್ಟು ಬೇಡಿ!

ಈ ಸಂಚಿಕೆಯನ್ನು ನಿಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯರಿಗೆ ಕಳುಹಿಸಿ, ವಾಹಿನಿಗೆ ಚಂದಾದಾರರಾಗಿ. ಮುಂದಿನ ವಾರ ಹಾಲಿನ ಬಾಟಲಿಯ ನಿಪ್ಪಲ್ಲನ್ನು ಸೀಳಿ, ಅದರೊಳಗೆ ಏನು ಅಂಟಿಕೊಂಡಿರುತ್ತದೆ ಎಂದು ತೋರಿಸುತ್ತೇನೆ.