ಅರ್ಧ ನೆಲ್ಲಿಕಾಯಿಯ ದಾನ

ಕೇಳುಗರೆಲ್ಲರಿಗೂ ನಮಸ್ಕಾರ. ಬೌದ್ಧರ ದಾನದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದಾರೆ. ನನ್ನ ಹತ್ತಿರ ಇರುವುದು ಒಂದೇ ಮಾತು. ಕೊಡುವಾಗ ನಿಮ್ಮ ಮನಸ್ಸು ಹೇಗಿತ್ತು? ಬುದ್ಧ ಕೇಳುವುದು ಇಷ್ಟೇ.

ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳುವುದನ್ನು ನೋಡಿದ್ದೀರಿ. ಯಾರು ಐನೂರು, ಯಾರು ಸಾವಿರ, ಎಲ್ಲಾ ಪುಸ್ತಕದಲ್ಲಿ. ನಾಳೆ ಅವರ ಮನೆ ಮದುವೆಗೆ ತೀರಿಸಬೇಕಲ್ಲ! ತಪ್ಪೇನಿಲ್ಲ. ಆದರೆ ಅದನ್ನು ದಾನ ಅನ್ನಬೇಡಿ, ಅದು ಕೈಸಾಲ.

ಈಗ ಅಶೋಕನ ಕತೆ ಕೇಳಿ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಬಂಡೆ ಶಾಸನದಲ್ಲಿ ಹೆಸರಿದೆಯಲ್ಲ, ಅದೇ ಅಶೋಕ. ಕತೆ ಬರುವುದು ಅವನ ಬಗ್ಗೆ ಬೌದ್ಧರು ಬರೆದ ಹಳೆಯ ಪುಸ್ತಕ ‘ಅಶೋಕಾವದಾನ’ದಲ್ಲಿ. ಸಂಘಕ್ಕೆ, ಅಂದರೆ ಬೌದ್ಧ ಭಿಕ್ಷುಗಳ ಸಮುದಾಯಕ್ಕೆ, 100 ಕೋಟಿ ಹೊನ್ನು ಕೊಡಬೇಕು ಅಂತ ಅವನ ಆಸೆ. 96 ಕೋಟಿ ಕೊಟ್ಟಾಗಿತ್ತು. ಅಷ್ಟರಲ್ಲಿ ಕಾಯಿಲೆ ಬಿದ್ದ. ಮಂತ್ರಿಗಳಿಗೆ ದಿಗಿಲು, ಮುದುಕ ಬೊಕ್ಕಸ ಬರಿದು ಮಾಡ್ತಾನೆ ಅಂತ. ಮೊಮ್ಮಗ ಸಂಪದಿಯ ಕಿವಿ ಊದಿ ಬೊಕ್ಕಸಕ್ಕೆ ಬೀಗ ಹಾಕಿಸಿದರು.

ಅಶೋಕ ಬಿಡ್ತಾನಾ? ಊಟ ಬಂದ ಚಿನ್ನದ ತಟ್ಟೆಯನ್ನೇ ಕುಕ್ಕುಟಾರಾಮ ಅನ್ನುವ ವಿಹಾರದ ಭಿಕ್ಷುಗಳಿಗೆ ಕಳಿಸಿದ. ಆಮೇಲೆ ಬೆಳ್ಳಿ ತಟ್ಟೆಯಲ್ಲಿ ಬಡಿಸಿದರು. ಅದೂ ಹೋಯಿತು. ಕಡೆಗೆ ಮಣ್ಣಿನ ತಟ್ಟೆಗೆ ಇಳಿಯಿತು. ಕೈಯಲ್ಲಿ ಉಳಿದದ್ದು ಅರ್ಧ ನೆಲ್ಲಿಕಾಯಿ. “ಈಗ ಈ ಭೂಮಿಗೆ ಒಡೆಯ ಯಾರಪ್ಪಾ?” ಎಂದು ಮಂತ್ರಿಗಳನ್ನು ಕೇಳಿದ. “ತಾವೇ, ಮಹಾಪ್ರಭು.” “ಯಾಕೆ ಸುಳ್ಳು ಹೇಳ್ತೀರಿ? ನಾನು ಒಡೆಯ ಆಗಿರುವುದು ಈ ಅರ್ಧ ನೆಲ್ಲಿಕಾಯಿಗೆ ಮಾತ್ರ” ಎಂದ. ಅದನ್ನೂ ಕಳಿಸಿಬಿಟ್ಟ, ಇಡೀ ಸಂಘಕ್ಕೆ ಸೇರುವಂತೆ ಹಂಚಿ ಅಂತ ಹೇಳಿ. ಅರ್ಧ ಕಾಯನ್ನು ಅಷ್ಟು ಜನಕ್ಕೆ ಹಂಚುವುದು ಹೇಗೆ? ಭಿಕ್ಷುಗಳು ಅದನ್ನು ಅರೆದು ಸಾರಿಗೆ ಹಾಕಿದರು. ಎಲ್ಲರ ಪಾತ್ರೆಗೂ ಬಂತು.

ನನಗೆ ಆ 96 ಕೋಟಿಗಿಂತ ಈ ಸಾರೇ ದೊಡ್ಡದು. ಎಷ್ಟು ಸಲ ಹೇಳಿದರೂ ಜನ ನನ್ನನ್ನು ಕೇಳುವುದು ಮಾತ್ರ, “ಸಾರ್, ಎಷ್ಟು ಕೊಟ್ಟರೆ ಎಷ್ಟು ಪುಣ್ಯ?” ಲೆಕ್ಕ ಬಿಡಿ ಸ್ವಾಮಿ! ಕೊಡುವ ಮುಂಚೆ ಖುಷಿ ಇರಬೇಕು, ಕೊಡುವಾಗ ಮನಸ್ಸು ತಿಳಿಯಾಗಿರಬೇಕು, ಕೊಟ್ಟ ಮೇಲೆ ತೃಪ್ತಿ ಆಗಬೇಕು. ಬುದ್ಧ ಹೇಳಿದ ಮೂರು ಗಳಿಗೆ ಇವು. ನಮ್ಮಲ್ಲಿ ಜಾಸ್ತಿ ಜನ ಕೆಡುವುದು ಮೂರನೆಯದರಲ್ಲಿ. ಕೊಟ್ಟು ಮನೆಗೆ ಬಂದು, ಸ್ವಲ್ಪ ಕಡಿಮೆ ಕೊಟ್ಟಿದ್ದರೂ ನಡೀತಿತ್ತು ಅಂತ ಕೊರಗುತ್ತಾರೆ, ಅಲ್ವಾ?

ಸ್ಟುಡಿಯೋ ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಕೈ ತೋರಿಸುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ಥಾಯ್ಲೆಂಡಿನಲ್ಲಿ ಬೆಳಗ್ಗೆ ಭಿಕ್ಷುಗಳು ಬೀದಿಗೆ ಬಂದಾಗ ಹೆಂಗಸರು ಚಪ್ಪಲಿ ಬಿಟ್ಟು ಪಾತ್ರೆಗೆ ಅನ್ನ ಹಾಕಿ, ತಾವೇ ಕೈ ಮುಗಿಯುತ್ತಾರೆ. ತೆಗೆದುಕೊಂಡವರು ಥ್ಯಾಂಕ್ಸ್ ಹೇಳುವುದಿಲ್ಲ, ಕೊಟ್ಟವರು ಅದಕ್ಕೆ ಕಾಯುವುದೂ ಇಲ್ಲ. ಮಳೆಗಾಲದ ಮೂರು ತಿಂಗಳ ವಾಸ ಮುಗಿದ ಮೇಲೆ ಭಿಕ್ಷುಗಳಿಗೆ ಬಟ್ಟೆ ಕೊಡುವ ‘ಕಠಿನ’ದ ಬಗ್ಗೆಯೂ ಹೇಳಬೇಕಿತ್ತು. ನೆಲ್ಲಿಕಾಯಿ ನನ್ನ ಸಮಯವನ್ನೆಲ್ಲ ತಿಂದುಹಾಕಿತು. ನಮಸ್ಕಾರ.