ಡಿಕ್ಕಿಯಲ್ಲಿ ಕೀಬೋರ್ಡ್ ಇಟ್ಕೊಂಡು ಟ್ಯಾಕ್ಸಿ ಓಡಿಸಿದವರು

ಹಾಯ್ ಎಲ್ರಿಗೂ. ಇವತ್ತು ಓಡಾಟ ಏನೂ ಇಲ್ಲ, ಒಂದು ಟೇಬಲ್, ಒಂದು ಪ್ಲೇಯರ್, ಪಕ್ಕದಲ್ಲಿ ಒಂದಿಷ್ಟು ರೆಕಾರ್ಡು, ಅಷ್ಟೇ. ಯಾರೂ ಹೆಸರೇ ಕೇಳಿರದ ಹಳೇ ಜಾಝ್, ಫಂಕ್ (ಕುಣಿಸೋ ತಾಳದ ಸಂಗೀತ) ರೆಕಾರ್ಡ್‌ಗಳು ಇಷ್ಟು ವರ್ಷ ಆದ್ಮೇಲೆ ಮತ್ತೆ ಹೇಗೆ ಹೊರಗೆ ಬರ್ತವೆ ಅಂತ ತುಂಬಾ ದಿನದಿಂದ ಹೇಳ್ಬೇಕು ಅನ್ಕೊಂಡಿದ್ದೆ.

ಈ ಕವರ್ ನೋಡಿ. ಹೈಲು ಮೆರ್ಗಿಯಾ. ಇಥಿಯೋಪಿಯಾದವ್ರು, ಅಲ್ಲಿನ ವಾಲಿಯಾಸ್ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸ್ತಿದ್ರು. 1981ರಲ್ಲಿ ಬ್ಯಾಂಡು ಅಮೆರಿಕಾ ಟೂರ್‌ಗೆ ಹೋಯ್ತು, ಇವ್ರು ವಾಪಸ್ ಹೋಗ್ಲಿಲ್ಲ, ವಾಷಿಂಗ್ಟನ್‌ನಲ್ಲೇ ಉಳ್ಕೊಂಡ್ರು. 1985ರಲ್ಲಿ ಒಬ್ರೇ ಕೂತು ಅಕಾರ್ಡಿಯನ್, ರೋಡ್ಸ್ ಅನ್ನೋ ಎಲೆಕ್ಟ್ರಿಕ್ ಪಿಯಾನೋ, ಮೂಗ್ ಅನ್ನೋ ಸಿಂಥಸೈಜರ್ ಎಲ್ಲಾ ಒಂದರ ಮೇಲೊಂದು ರೆಕಾರ್ಡ್ ಮಾಡಿ ಒಂದು ಕ್ಯಾಸೆಟ್ ತಂದ್ರು. ಆಮೇಲೆ ಜೀವನಕ್ಕೆ ಟ್ಯಾಕ್ಸಿ. ಏರ್‌ಪೋರ್ಟ್ ಹತ್ರ ಪ್ಯಾಸೆಂಜರ್‌ಗೆ ಕಾಯೋವಾಗ ಡಿಕ್ಕಿಯಿಂದ ಬ್ಯಾಟರಿ ಕೀಬೋರ್ಡ್ ತೆಗ್ದು ಕಾರೊಳಗೇ ಕೂತು ನುಡಿಸ್ತಿದ್ರಂತೆ, ಕೇಳೋಕೆ ಯಾರೂ ಇಲ್ದೇ ಇದ್ರೂ. ಈ ಮಾತು ಓದಿದಾಗಿಂದ ನಂಗೆ ಆ ಅಕಾರ್ಡಿಯನ್ ಬೇರೆ ಥರಾನೇ ಕೇಳಿಸುತ್ತೆ.

ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ ಅನ್ನೋ ಲೇಬಲ್ (ರೆಕಾರ್ಡ್ ಕಂಪನಿ) ನಡೆಸೋ ಬ್ರಯಾನ್ ಶಿಮ್ಕೊವಿಟ್ಜ್‌ಗೆ ಇಥಿಯೋಪಿಯಾದ ಬಹಿರ್ ದಾರ್ ಊರಲ್ಲಿ ಆ ಹಳೇ ಕ್ಯಾಸೆಟ್ ಸಿಕ್ತು. ಕೇಳಿದ್ರು, ಮನುಷ್ಯ ಎಲ್ಲಿದಾರೆ ಅಂತ ಹುಡುಕಿ ಮಾತಾಡಿದ್ರು, 2013ರಲ್ಲಿ ರೀಇಶ್ಯೂ, ಅಂದ್ರೆ ಮತ್ತೆ ಬಿಡುಗಡೆ, ಆಯ್ತು. ಆಮೇಲೆ ಮೆರ್ಗಿಯಾ ಮತ್ತೆ ಸ್ಟೇಜ್ ಹತ್ತಿದ್ರು, 2018ರಲ್ಲಿ ‘ಲಾಲಾ ಬೆಲು’ ಅಂತ ಹೊಸ ಆಲ್ಬಮ್ಮೇ ಬಂತು, ಎಪ್ಪತ್ತು ದಾಟಿದ್ಮೇಲೆ!

ಇಂಥ ರೆಕಾರ್ಡು ಕಳೆದು ಹೋಗೋದು ಸಂಗೀತ ಚೆನ್ನಾಗಿಲ್ಲ ಅಂತಲ್ಲ. ಅಮೆರಿಕಾದ ಡೆಟ್ರಾಯಿಟ್‌ನಲ್ಲಿ ವೆಂಡೆಲ್ ಹ್ಯಾರಿಸನ್, ಫಿಲ್ ರಾನೆಲಿನ್ ಅನ್ನೋ ಜಾಝ್ ವಾದಕರು ಸೇರ್ಕೊಂಡು ಟ್ರೈಬ್ ಅಂತ ತಮ್ಮದೇ ಲೇಬಲ್ ಮಾಡಿದ್ರು, ಆ ಥರ ಎಷ್ಟೋ ಜನ ತಾವೇ ರೆಕಾರ್ಡ್ ಮಾಡಿ, ತಾವೇ ಪ್ರೆಸ್ ಮಾಡಿಸಿ, ಸಂಗೀತ ಕಚೇರಿ ಮುಗಿದ್ಮೇಲೆ ತಾವೇ ಮಾರೋರು. ಐನೂರೋ ಸಾವಿರವೋ ಕಾಪಿ ಖಾಲಿಯಾದ್ರೆ ಕಥೆ ಮುಗೀತು.

ಹುಡುಕೋದು ಒಂದು ಕಷ್ಟ ಅಂದ್ರೆ, ಹಾಡು ಮೊದಲು ರೆಕಾರ್ಡ್ ಮಾಡಿದ ಮೂಲ ಟೇಪು ಇನ್ನೊಂದು. ಎಪ್ಪತ್ತರ ದಶಕದ ಕೆಲವು ಟೇಪ್‌ಗಳಲ್ಲಿ ಕಾಂತೀಯ ಪುಡಿಯನ್ನ ಹಿಡಿದಿಡೋ ಅಂಟು ಗಾಳಿಯ ತೇವ ಹೀರ್ಕೊಂಡು ಜಿಗುಟಾಗಿ ಬಿಡುತ್ತೆ. ಹಾಗೇ ಮಷಿನ್‌ಗೆ ಹಾಕಿದ್ರೆ ಕಿರ್ ಅಂತ ಕೂಗುತ್ತೆ, ಕಂದು ಬಣ್ಣದ ಪುಡಿ ಟೇಪ್ ಓದೋ ಹೆಡ್ ಮೇಲೆ ಮೆತ್ಕೊಳ್ಳುತ್ತೆ, ಆ ಪುಡೀನೇ ಹಾಡು ಸ್ವಾಮಿ, ಉದುರಿದ್ದು ಮತ್ತೆ ಬರಲ್ಲ. ಅದಕ್ಕೇ ಟೇಪನ್ನ ಸುಮಾರು 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಹದವಾಗಿ ಬಿಸಿ ಮಾಡಿ ತೇವ ಆರಿಸ್ತಾರೆ, ಆಮೇಲೆ ಸ್ವಲ್ಪ ದಿನ ಚೆನ್ನಾಗಿ ಓಡುತ್ತೆ, ಅಷ್ಟರೊಳಗೆ ಕಾಪಿ ಮಾಡ್ಕೊಂಡು ಬಿಡ್ಬೇಕು. ಟೇಪೇ ಇಲ್ಲ ಅಂದ್ರೆ ಇರೋದ್ರಲ್ಲಿ ಚೆನ್ನಾಗಿರೋ ಒಂದು ರೆಕಾರ್ಡ್ ಹುಡುಕಿ, ತೊಳೆದು, ಅದರಿಂದಾನೇ ತೆಗೀತಾರೆ. ಆಗ ಟಿಕ್ ಟಿಕ್ ಸದ್ದನ್ನ ಪೂರ್ತಿ ತೆಗ್ಯೋಕೆ ಹೋದ್ರೆ ಡ್ರಮ್ಮಿನ ಹೊಡೆತಾನೂ ಮೊಂಡಾಗುತ್ತೆ. ನನ್ನ ಕೇಳಿದ್ರೆ ಸ್ವಲ್ಪ ಟಿಕ್ ಟಿಕ್ ಇರ್ಲಿ ಬಿಡಿ.

ಒಂದು ವಿಷ್ಯ ಮಾತ್ರ ನಂಗೆ ಸಹಿಸೋಕೇ ಆಗಲ್ಲ. ನುಡಿಸಿದವ್ರನ್ನ ಕೇಳ್ದೇ, ಒಂದು ಪೈಸೆ ಕೊಡ್ದೇ ಸುಮ್ನೆ ಕಾಪಿ ಹೊಡೆದು ಮಾರೋ ಬೂಟ್‌ಲೆಗ್‌ಗಳು. ಅಪರೂಪದ ಹಾಡು ಉಳೀತಲ್ಲ ಅಂತಾರೆ. ಆದ್ರೆ ಆ ಮನುಷ್ಯ ಇನ್ನೂ ಬದುಕಿರ್ಬಹುದು, ತನ್ನ ಹಾಡು ಯಾರೋ ಕೇಳ್ತಿದಾರೆ ಅನ್ನೋದೇ ಅವ್ರಿಗೆ ಗೊತ್ತಿರಲ್ಲ. ನಾನು ಅಂಥದ್ದೊಂದು ತಗೊಂಡಿದ್ದೆ, ಕವರ್ ಮೇಲೆ ಲೇಬಲ್ ಹೆಸರೂ ಇಲ್ಲ, ನುಡಿಸಿದವ್ರ ಪಟ್ಟೀನೂ ಇಲ್ಲ. ಮತ್ತೆ ಹಾಕೋಕೆ ಮನಸ್ಸೇ ಬರ್ಲಿಲ್ಲ.

ಕೊನೇದು, ನಂಗೆ ತುಂಬಾ ಹತ್ತಿರದ್ದು. ಕಶ್ಮೀರ್ ಸ್ಟೇಜ್ ಬ್ಯಾಂಡ್. ಹೆಸರು ಕೇಳಿ ನಮ್ಮ ಕಾಶ್ಮೀರ ಅನ್ಕೋಬೇಡಿ, ಅದು ಟೆಕ್ಸಾಸ್‌ನ ಹ್ಯೂಸ್ಟನ್ ಊರಿನ ಒಂದು ಹೈಸ್ಕೂಲು. ಕಾನ್ರಾಡ್ ಜಾನ್ಸನ್ ಅನ್ನೋ ಮೇಷ್ಟ್ರು, ಮಕ್ಕಳು ಅವ್ರನ್ನ ಪ್ರೊಫ್ ಅಂತ ಕರೀತಿದ್ರು, ಶಾಲೆ ಮಕ್ಕಳ ಕೈಲಿ ಎಂಥಾ ಫಂಕ್ ನುಡಿಸಿದಾರೆ ಅಂದ್ರೆ ಮೊದಲ ಸಲ ಕೇಳ್ದಾಗ ಇವ್ರು ಸ್ಕೂಲ್ ಮಕ್ಕಳು ಅಂತ ನಂಬೋಕೇ ಆಗ್ಲಿಲ್ಲ ನಂಗೆ. ಹಾರ್ನ್ಸ್, ಅಂದ್ರೆ ಟ್ರಂಪೆಟ್, ಸ್ಯಾಕ್ಸೋಫೋನ್ ಥರದ ಊದೋ ವಾದ್ಯ ಎಲ್ಲಾ ಒಟ್ಟಿಗೆ ಬಂದು ಟಕ್ ಅಂತ ನಿಲ್ಲುತ್ತೆ, ಆ ಗ್ಯಾಪಲ್ಲಿ ಡ್ರಮ್ ಒಂದೇ! ಆಗ ಬಂದಿದ್ದ ಆ ರೆಕಾರ್ಡ್‌ಗಳನ್ನ ಈಗನ್ ಅನ್ನೋ ಕಲೆಕ್ಟರ್ ಹುಡುಕಿ, 1968ರಿಂದ 1974ರವರೆಗಿನದ್ದನ್ನ 2006ರಲ್ಲಿ ರೀಇಶ್ಯೂ ಮಾಡಿದ್ರು.

2008ರ ಫೆಬ್ರವರಿಯಲ್ಲಿ ಹಳೇ ಸ್ಟೂಡೆಂಟ್ಸ್ ಎಲ್ಲಾ ಮತ್ತೆ ಸೇರಿದ್ರು, ಕೆಲವ್ರು ದಶಕಗಳಿಂದ ವಾದ್ಯಾನೇ ಮುಟ್ಟಿರ್ಲಿಲ್ಲ, ತಲೆ ನೆರೆತಿತ್ತು, ಪ್ರ್ಯಾಕ್ಟೀಸ್ ಮಾಡಿ ತಮ್ಮ ಮೇಷ್ಟ್ರ ಮುಂದೆ ನುಡಿಸಿದ್ರು. ಪ್ರೊಫ್‌ಗೆ ಆಗ 92 ವರ್ಷ. ಕೂತು ಕೇಳಿದ್ರು. ಅದಾಗಿ ಕೆಲವೇ ದಿನಕ್ಕೆ ತೀರ್ಕೊಂಡ್ರು.

ಆ ರೆಕಾರ್ಡೇ ಈಗ ಪ್ಲೇಯರ್ ಮೇಲಿದೆ. ಕಾಪಿರೈಟ್ ಇರೋದ್ರಿಂದ ನಿಮ್ಗೆ ಇಲ್ಲಿ ಕೇಳ್ಸೋಕಾಗಲ್ಲ, ಕ್ಯಾಮೆರಾ ಆಫ್ ಮಾಡಿ ಸೂಜಿ ಇಡ್ತೀನಿ.